ಡೇವೆಂಟರ್ ಗೋದಾಮಿನಲ್ಲಿ ಒಂದು ಬೊಗಸೆ ಜೋಳ

ಹೊರಡುವ ಮುನ್ನ

ಹಾಲೆಂಡಿಗೆ ಹೋಗಿ ಬಂದವರ ಮೊಬೈಲಿನಲ್ಲಿ ಹೂವಿನ ತೋಟ ಇರುತ್ತದೆ, ಗಾಳಿಯಂತ್ರ ಇರುತ್ತದೆ, ದೋಣಿಯಲ್ಲಿ ಕೂತ ಗಂಡ ಹೆಂಡತಿ ಇರುತ್ತಾರೆ. ನನ್ನದರಲ್ಲಿ ಇರುವುದು ಒಂದು ಗೋದಾಮು. ನಾವು ಹೋದಾಗ ಹೂವಿನ ಕಾಲ ಮುಗಿದಿತ್ತು. ಗಾಳಿಯಂತ್ರ ರೈಲಿನ ಕಿಟಕಿಯಿಂದ ಒಮ್ಮೆ ಕಂಡು ಮಾಯವಾಯಿತು. ಆದರೂ ಇಷ್ಟು ಸುಖದ ಪ್ರವಾಸ ನಾನು ಹಿಂದೆಂದೂ ಮಾಡಿಲ್ಲ, ನಡುವಿನ ಒಂದೂವರೆ ದಿನ ಬಿಟ್ಟರೆ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನದೊಂದು ಸಣ್ಣ ವ್ಯವಹಾರ. ಹುನಗುಂದದ ಎರೆ ಹೊಲದ ಬಿಳಿಜೋಳ, ಬಾದಾಮಿ ಕಡೆಯ ಸಜ್ಜೆ, ತೊಗರಿ, ಕಲಾದಗಿಯ ಚಿಕ್ಕು, ಚೊಳಚಗುಡ್ಡದ ಬಾಳೆ, ಹೀಗೆ ಔಷಧ ಗೊಬ್ಬರ ಮುಟ್ಟಿಸದೆ ಬೆಳೆದದ್ದನ್ನು ರೈತರಿಂದ ತಂದು ಮನೆಗಳಿಗೂ ಅಂಗಡಿಗಳಿಗೂ ಮುಟ್ಟಿಸುತ್ತೇನೆ. ಮುಟ್ಟಿಸುವುದು ದೊಡ್ಡ ಮಾತಲ್ಲ, ಟೆಂಪೋ ಇದ್ದವರೆಲ್ಲ ಮುಟ್ಟಿಸಬಹುದು. ನನಗೆ ಟೆಂಪೋದ ಜೊತೆ ಒಂದಷ್ಟು ಹಟಗಳೂ ಇವೆ. ಒಬ್ಬರ ಮಾಲು ಇನ್ನೊಬ್ಬರ ಮಾಲಿನೊಡನೆ ಬೆರೆಯಬಾರದು. ಬೆಳೆದವಳೇ ಚೀಲ ತುಂಬಬೇಕು, ತುಂಬಿದವಳೇ ಹೊಲಿಯಬೇಕು, ಅವಳ ಹೆಸರಿನ ಚೀಟಿಯೇ ಚೀಲದ ಮೇಲೆ ಇರಬೇಕು. ಬಾದಾಮಿಯ ರೈತರೊಬ್ಬರು ಒಮ್ಮೆ ಹುಳಕ್ಕೆ ಹೆದರಿ ತೊಗರಿಗೆ ಔಷಧ ಹೊಡೆದು, ಮರುದಿನ ತಾವೇ ಫೋನ್ ಮಾಡಿ ಹೇಳಿದರು. ಆ ತೊಗರಿಯನ್ನೂ ಕೊಂಡೆವು. "ಔಷಧ ಹೊಡೆದ ತೊಗರಿ" ಎಂದು ಚೀಲದ ಮೇಲೆ ಬರೆದೇ ಮಾರಿದೆವು.

"ನೀ ಅಂಗಡಿ ಇಟ್ಟೀಯೋ, ಮಠ ಕಟ್ಟೀಯೋ?" ಎಂದು ಇಳಕಲ್ಲಿನಲ್ಲಿ ಬಟ್ಟೆ ವ್ಯಾಪಾರ ಮಾಡುವ ನಮ್ಮಣ್ಣ ಈಗಲೂ ಕೇಳುತ್ತಾನೆ.

ಈ ಹಟಗಳ ಸುದ್ದಿ ಹೇಗೋ ಹಾಲೆಂಡಿನ ಡೇವೆಂಟರ್ ಎಂಬ ಊರಿಗೆ ಹೋಯಿತು. ಅಲ್ಲಿ ನಮ್ಮಂಥದೇ ಕೆಲಸ ಮಾಡುವ ಒಂದು ಸಹಕಾರಿ ಸಂಘ. ಗೋಧಿ ಒಗ್ಗದ ಜನರಿಗೆ ಅವರು ಬೇರೆ ಧಾನ್ಯ ಹುಡುಕುತ್ತಿದ್ದರು. ನೋಡೋಣವೆಂದು ಆರುನೂರು ಚೀಲ ಬಿಳಿಜೋಳ ತರಿಸಿಕೊಂಡರು. ಐದೈದು ಕಿಲೋದ ಬಟ್ಟೆ ಚೀಲ, ಹೊಲಿದದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಮಾಲು ಬಂದು ತಪಾಸಣೆ ಮುಗಿಯುವ ಹೊತ್ತಿಗೆ ನೀವೂ ಬನ್ನಿ, ಬೆಳೆದವರೊಬ್ಬರನ್ನು ಕರೆತನ್ನಿ, ಮುಖ ನೋಡಿ ಮಾತಾಡಿ ಇಡೀ ವರ್ಷದ ಬೇಡಿಕೆ ಕೊಡುವುದೋ ಬೇಡವೋ ತೀರ್ಮಾನಿಸೋಣ ಎಂದು ಬರೆದರು. ನಲವತ್ತೊಂದು ಮನೆಗಳ ಜೋಳ ಅದು. ವರ್ಷದ ಬೇಡಿಕೆ ಬಂದರೆ ಆ ನಲವತ್ತೊಂದು ಮನೆಗಳು ಸಂತೆಯ ದಲ್ಲಾಳಿಯ ಮುಖ ನೋಡುವ ಕೆಲಸವೇ ಇರುವುದಿಲ್ಲ.

ಬೆಳೆದವರೊಬ್ಬರು ಎಂದರೆ ನನಗೆ ಬೇರೆ ಹೆಸರು ಹೊಳೆಯಲಿಲ್ಲ. ಹುನಗುಂದದ ಹತ್ತಿರದ ಹಳ್ಳಿಯ ಸಾವಂತ್ರೆವ್ವ. ಅರವತ್ತು ದಾಟಿದವಳು, ನಾಲ್ಕು ಎಕರೆ ಎರೆ, ಬಾಯಿ ಬಹಳ ಜೋರು. ನನ್ನ ಹಟ ಕೇಳಿ ಉಳಿದವರೆಲ್ಲ ನಕ್ಕಾಗ ಮೊದಲು ನನ್ನ ಜೊತೆ ನಿಂತವಳು.

ವಿಮಾನ ನಿಲ್ದಾಣದ ಕಸದ ಬುಟ್ಟಿ

ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದು ಸಾಮಾನು ತೆಗೆದುಕೊಂಡು ಹೊರಗೆ ಹೋಗುವ ಬಾಗಿಲ ಬಳಿ ಒಂದು ದೊಡ್ಡ ಬುಟ್ಟಿ. ಮೇಲೆ ಹಣ್ಣಿನ ಚಿತ್ರ, ಚಿತ್ರದ ಮೇಲೆ ಕೆಂಪು ಗೀಟು. ಹೊರದೇಶದ ಹಣ್ಣು ಒಳಗೆ ಒಯ್ಯುವಂತಿಲ್ಲ, ಇದ್ದರೆ ಇಲ್ಲಿ ಹಾಕಿ ಎಂದು ಅರ್ಥ. ಸಾವಂತ್ರೆವ್ವ ನನ್ನ ಮುಖ ನೋಡಿದಳು. ನನಗೆ ಗೊತ್ತಾಯಿತು.

"ಏನ್ ತಂದೀ ಬೇ?"

"ಏನಿಲ್ರಿ ಅಕ್ಕಾರ. ಚಿಕ್ಕು. ಒಂದ ಏಳೆಂಟ ಅದಾವ. ಮೊದಲ್ನೇ ಸಲ ಒಬ್ಬರ ಊರಿಗೆ ಹೊಂಟೇವಿ, ಬರೇ ಕೈಲೆ ಹೋಗೂದೇನ್ರಿ?"

ಹೊರಡುವಾಗ ಎರಡು ಸಲ ಹೇಳಿದ್ದೆ. ರೊಟ್ಟಿ ನಡೆಯುತ್ತದೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ನಡೆಯುತ್ತದೆ, ಹಣ್ಣು ಮಾತ್ರ ಬೇಡ ಎಂದು. ಅವಳು ತಲೆ ಅಲ್ಲಾಡಿಸಿದ್ದಳು. ಸಾವಂತ್ರೆವ್ವ ತಲೆ ಅಲ್ಲಾಡಿಸುವುದು ಒಪ್ಪಿಗೆಯಲ್ಲ, ಕೇಳಿಸಿತು ಎಂಬುದಕ್ಕೆ ಮಾತ್ರ. ಇಷ್ಟು ವರ್ಷದಲ್ಲಿ ನಾನು ಇದನ್ನು ಕಲಿಯಬೇಕಿತ್ತು.

"ಬುಟ್ಟ್ಯಾಗ ಒಗಿ."

"ಕಲಾದಗಿ ಚಿಕ್ಕು ಕಸದಾಗ ಒಗಿಯಾಕ ನನಗ ತಲಿ ಕೆಟ್ಟೈತೇನ್ರಿ?" ಎಂದವಳೇ ಬುಟ್ಟಿಯ ಪಕ್ಕದಲ್ಲಿ ಸಾಮಾನಿನ ಮೇಲೆ ಕೂತು ತಿನ್ನತೊಡಗಿದಳು. ನನ್ನ ಕೈಗೂ ಎರಡು ಕೊಟ್ಟಳು. ಬಾಗಿಲಲ್ಲಿ ನಿಂತಿದ್ದ ಎತ್ತರದ ಅಧಿಕಾರಿ ಹತ್ತಿರ ಬಂದ. ನಾನು ಸಿಪ್ಪೆ ಹಿಡಿದುಕೊಂಡೇ ವಿವರಿಸಿದೆ. ಹೊಟ್ಟೆಯಲ್ಲಿ ಒಯ್ಯುವುದಕ್ಕೆ ಕಾನೂನಿನ ಅಡ್ಡಿಯಿಲ್ಲ ಎಂದು ಅವನು ಗಂಭೀರವಾಗಿಯೇ ಹೇಳಿ, ಕೈ ಒರೆಸಿಕೊಳ್ಳಲು ಕಾಗದ ತಂದುಕೊಟ್ಟ. ಏಳೂ ಮುಗಿಸಿ, ಸಿಪ್ಪೆ ಬೀಜ ಬುಟ್ಟಿಗೆ ಹಾಕಿ ಹೊರಗೆ ಬಂದೆವು. ಹಾಲೆಂಡಿನ ಗಾಳಿ ಮುಖಕ್ಕೆ ತಾಗುವಾಗ ನಮ್ಮಿಬ್ಬರ ಬಾಯಲ್ಲೂ ಕಲಾದಗಿ ಇತ್ತು.

ಡೇವೆಂಟರ್, ಮೊದಲ ದಿನ

ಡೇವೆಂಟರ್ ಒಂದು ಹೊಳೆಯ ದಂಡೆಯ ಊರು. ಹೊಳೆ ತುಂಬಿ ಹರಿಯುತ್ತದೆ, ಯಾರೂ ಅದರಲ್ಲಿ ಬಟ್ಟೆ ಒಗೆಯುವುದಿಲ್ಲ. ನಮ್ಮ ಕೋಣೆ ಮೂರನೆಯ ಅಂತಸ್ತಿನಲ್ಲಿತ್ತು. ಅಲ್ಲಿಗೆ ಹೋಗುವ ಮೆಟ್ಟಿಲನ್ನು ಏಣಿ ಎನ್ನಬೇಕು, ಅಷ್ಟು ಕಡಿದು. ಸಾವಂತ್ರೆವ್ವ ಸೀರೆ ಎತ್ತಿ ಸಿಕ್ಕಿಸಿ, ಹಿಂದುಮುಂದಾಗಿ ತಿರುಗಿ ಇಳಿಯುವುದನ್ನು ಮೊದಲ ಬೆಳಿಗ್ಗೆಯೇ ಕಲಿತಳು. ಬಣವೆ ಇಳಿದು ರೂಢಿಯಿತ್ತು. ನಾನು ಮಾತ್ರ ಆರು ದಿನವೂ ಗೋಡೆ ಹಿಡಿದೇ ಇಳಿದೆ.

ಇಲ್ಲಿಯ ಮನೆಗಳ ಕಿಟಕಿಗಳಿಗೆ ಪರದೆ ಇಲ್ಲ. ಬೀದಿಯಲ್ಲಿ ನಡೆದರೆ ಒಳಗೆ ಯಾರು ಏನು ತಿನ್ನುತ್ತಿದ್ದಾರೆ, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಲ್ಲ ಕಾಣುತ್ತದೆ. ನೋಡದ ಹಾಗೆ ಹೋಗುವುದು ಅಲ್ಲಿಯ ಮರ್ಯಾದೆ. ನನಗೆ ಅದು ತಿಳಿದಿತ್ತು, ಸಾವಂತ್ರೆವ್ವನಿಗೆ ತಿಳಿಸಿದರೂ ಪ್ರಯೋಜನವಾಗಲಿಲ್ಲ. "ಕಂಡವರನ್ನ ಮಾತಾಡಸದ ಹೋದ್ರ ಏನ್ ತಿಳ್ಕೊಂಡಾರ್ರಿ?" ಎಂದು ಪ್ರತಿ ಕಿಟಕಿಗೂ ಕೈ ಎತ್ತುತ್ತ ನಡೆದಳು. ಮೊದಲ ಮನೆಯ ಮುದುಕ ಬೆಚ್ಚಿದ. ಎರಡನೆಯ ಮನೆಯವರು ಕೈ ಎತ್ತಿದರು. ಮೂರನೆಯ ದಿನದ ಹೊತ್ತಿಗೆ ಆ ಬೀದಿಯ ಅರ್ಧ ಜನ ನಮ್ಮ ದಾರಿ ಕಾಯುತ್ತಿದ್ದರು.

ಸಂಘದ ಕಚೇರಿಗೆ ಹತ್ತು ಗಂಟೆಗೆ ಹೋದೆವು. ಬಾಗಿಲು ತೆರೆದದ್ದು ಖರೀದಿ ವಿಭಾಗದ ಹಾನೆಕೆ. ನನ್ನ ಜೊತೆ ಒಂದು ವರ್ಷದಿಂದ ಪತ್ರ ಬರೆಯುತ್ತಿದ್ದ ಹೆಂಗಸು, ಐವತ್ತೈದರ ಆಸುಪಾಸು, ಬಾಗಿಲ ಚೌಕಟ್ಟಿನಷ್ಟೇ ಎತ್ತರ. ಕೈ ಕುಲುಕಿ "ಅಭಿನಂದನೆಗಳು!" ಎಂದರು. ಒಳಗೆ ಹತ್ತು ಹನ್ನೆರಡು ಜನ ದುಂಡಗೆ ಕೂತಿದ್ದರು. ಒಬ್ಬೊಬ್ಬರೇ ಎದ್ದು ಬಂದು ನನಗೂ ಸಾವಂತ್ರೆವ್ವನಿಗೂ ಕೈ ಕೊಟ್ಟು "ಅಭಿನಂದನೆಗಳು, ಅಭಿನಂದನೆಗಳು" ಎಂದರು. ಮುಖ ತುಂಬ ನಗು.

ನನ್ನ ಕಣ್ಣಲ್ಲಿ ನೀರು ಬಂತು. ಮಾಲು ಪಾಸಾಯಿತು! ಅಲ್ಲಿಯೇ ನಿಂತು ಹುನಗುಂದದ ಹೆಣ್ಣುಮಕ್ಕಳ ಗುಂಪಿಗೆ ಸಂದೇಶ ಹಾಕಿದೆ: "ಪಾಸ್ ಆತು!" ಐದು ನಿಮಿಷದಲ್ಲಿ ಅಲ್ಲಿಂದ ಫೋಟೋ ಬಂತು. ಚೀಲ ತುಂಬುವ ಶೆಡ್ಡಿನಲ್ಲಿ ಸಕ್ಕರೆ ಹಂಚುತ್ತಿದ್ದಾರೆ, ಯಾರೋ ಪೇಢೆ ತರಲು ಹೋಗಿದ್ದಾರೆ.

ಆಮೇಲೆ ಕೇಕು ಬಂತು. ಕೇಕಿನ ಮೇಲೆ ಇದ್ದದ್ದು ಲೆಕ್ಕಪತ್ರ ನೋಡುವ ಹುಡುಗಿಯ ಹೆಸರು. ಅವಳ ಹುಟ್ಟುಹಬ್ಬ. ಆ ದೇಶದಲ್ಲಿ ಹುಟ್ಟುಹಬ್ಬ ಯಾರದೇ ಇರಲಿ, ಕೋಣೆಯಲ್ಲಿ ಇದ್ದವರೆಲ್ಲರಿಗೂ ಅಭಿನಂದನೆ ಹೇಳುತ್ತಾರಂತೆ. ನಿಮ್ಮ ಗೆಳತಿಗೆ ವಯಸ್ಸಾಯಿತು, ನಿಮಗೆ ಅಭಿನಂದನೆ, ಹೀಗೆ.

ನಾನು ತಟ್ಟೆ ಹಿಡಿದು ಕೂತೆ. ಸಾವಂತ್ರೆವ್ವನಿಗೆ ಪಿಸುಗುಟ್ಟಿದೆ. ಅವಳು ಒಂದು ತುಂಡು ಮುಗಿಸಿ, "ಹಂಚಿದ ಸಕ್ಕರಿ ಹೊಳ್ಳಿ ಕೇಳಾಕ ಬರೂದಿಲ್ರಿ ಅಕ್ಕಾರ. ಇನ್ನ ಪಾಸ್ ಮಾಡಿಸಿಕೊಂಡ ಹೋಗೂದ" ಎಂದಳು.

ಕೇಕು ಮುಗಿದ ಮೇಲೆ

ಹಾನೆಕೆ ನಮ್ಮನ್ನು ಒಳಗಿನ ಕೋಣೆಗೆ ಕರೆದರು. ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿದರು. ಒಬ್ಬೊಬ್ಬರು ಒಂದು ತೆಗೆದುಕೊಂಡ ಕೂಡಲೇ ಡಬ್ಬಿಯ ಮುಚ್ಚಳ ಬಿತ್ತು. ಎರಡನೆಯದಕ್ಕೆ ಹೋಗಿದ್ದ ಸಾವಂತ್ರೆವ್ವನ ಕೈ ಮುಚ್ಚಳದ ಮೇಲೆ ನಿಂತಿತು. ಜಿಪುಣತನ ಎಂದು ಆಗ ಅನ್ನಿಸಿತು. ಈಗ ಹಾಗೆ ಅನ್ನುವುದಿಲ್ಲ. ಒಂದು ಅಂದರೆ ಒಂದು, ಅದು ಅವರ ಪದ್ಧತಿ.

ಕೋಣೆಯಲ್ಲಿ ಇನ್ನೊಬ್ಬ ಇದ್ದ, ಪೀಟರ್. ಸಾವಯವ ಮಾಲಿನ ತಪಾಸಣೆ ಮಾಡುವವನು, ಸಂಘದ ಆಳಲ್ಲ, ಹೊರಗಿನವನು. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ಅವನು ಒಂದು ಹಾಳೆ ನನ್ನ ಮುಂದೆ ಸರಿಸಿದ.

"ಕಾಗದದ ಪ್ರಕಾರ ಮೂರು ಸಾವಿರ ಕಿಲೋ. ಇಲ್ಲಿಗೆ ಬಂದದ್ದು ಅದಕ್ಕಿಂತ ನೂರೈವತ್ತು ಕಿಲೋದಷ್ಟು ಹೆಚ್ಚು. ಒಂದು ಚೀಲವೂ ಐದು ಕಿಲೋಗೆ ನಿಂತಿಲ್ಲ."

ನಾನು ನಿರಾಳವಾಗಿ ಉಸಿರುಬಿಟ್ಟೆ. "ಹೆಚ್ಚು ತಾನೆ? ಕಡಿಮೆ ಇಲ್ಲವಲ್ಲ."

"ಕಡಿಮೆ ಇದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಜೋಳ ಸೋರುತ್ತದೆ, ಇಲಿ ತಿನ್ನುತ್ತದೆ, ಒಣಗುತ್ತದೆ. ಹೆಚ್ಚಾಗುವುದು ಹೇಗೆ? ಧಾನ್ಯ ಹಡಗಿನಲ್ಲಿ ಮರಿ ಹಾಕುವುದಿಲ್ಲ. ಹೆಚ್ಚಿಗೆ ಬಂತು ಅಂದರೆ ಬೇರೆಲ್ಲಿಂದಲೋ ತಂದು ಬೆರೆಸಿದ್ದಾರೆ ಅಂತಲೇ ನಾವು ಮೊದಲು ತಿಳಿಯುವುದು. ಸಂತೆಯ ಅಗ್ಗದ ಜೋಳ."

ಬೆರೆಸಿದ್ದಾರೆ. ನನ್ನ ಬಗ್ಗೆ ಆ ಮಾತು ಯಾರೂ ಆಡಿರಲಿಲ್ಲ. ಹಾನೆಕೆ ನೆಲ ನೋಡುತ್ತಿದ್ದರು. ಪೀಟರ್ ಮುಂದುವರಿಸಿದ. ನಾಳೆ ಸಂಜೆಯೊಳಗೆ ಆ ಹೆಚ್ಚಿನ ಜೋಳ ಎಲ್ಲಿಯದೆಂದು ತೋರಿಸದಿದ್ದರೆ ಮಾಲು ವಾಪಸು. ಅಷ್ಟೇ ಅಲ್ಲ, ವರದಿ ಭಾರತಕ್ಕೂ ಹೋಗುತ್ತದೆ, ನಲವತ್ತೊಂದು ಮನೆಗಳ ಸಾವಯವ ಪ್ರಮಾಣಪತ್ರ ಅಮಾನತ್ತಾಗುತ್ತದೆ. ಒಂದು ಹನಿ ಔಷಧ ಮುಟ್ಟದೆ ಮೂರು ವರ್ಷ ಹುಳಕ್ಕೂ ನೆರೆಯವರ ನಗೆಗೂ ಬೆಳೆ ಒಪ್ಪಿಸಿ ಗಳಿಸಿದ ಪತ್ರ ಅದು. ಹೋದರೆ ಹೊರದೇಶ ಬಿಡಿ, ಬಾಗಲಕೋಟೆಯ ಗಿರಾಕಿಯೂ ನಮ್ಮನ್ನು ನಂಬುವುದಿಲ್ಲ.

ಸಂಜೆ, ಕೋಣೆಯಲ್ಲಿ

ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವ ಮಾತೇ ಆಡುವುದಿಲ್ಲ. ಊಟದ ಹೊತ್ತಾದರೂ ಕಿಟಕಿಯ ತುಂಬ ಬಿಸಿಲು. ಸಾವಂತ್ರೆವ್ವ ಕಡಕ್ ರೊಟ್ಟಿ ಬಿಚ್ಚಿದಳು. ಮಧ್ಯಾಹ್ನ ನಮಗೆ ಸಿಕ್ಕಿದ್ದು ತಣ್ಣನೆಯ ಬ್ರೆಡ್ಡು, ಅದರ ಮೇಲೆ ಚೀಸು. ಪಕ್ಕದ ಮೇಜಿನಲ್ಲಿ ಬೆಳೆದ ಗಂಡಸರು ಬ್ರೆಡ್ಡಿನ ಮೇಲೆ ಚಾಕೊಲೇಟ್ ಕಾಳು ಉದುರಿಸಿಕೊಂಡು ತಿನ್ನುತ್ತಿದ್ದರು. "ಇವರ ಮನ್ಯಾಗ ಒಲಿ ಹಚ್ಚೂದಿಲ್ಲೇನ್ರಿ?" ಎಂದು ಅವಳು ಮರುಗಿದ್ದಳು. ನನಗೆ ನಗು ಬಂದಿರಲಿಲ್ಲ.

"ಸಾವಂತ್ರೆವ್ವ, ಕಾಂಟಾ ಮ್ಯಾಲ ಇಟ್ಟ ಬರೋಬ್ಬರಿ ಐದ ಕಿಲೋ ತುಂಬ್ರಿ ಅಂತ ನಾ ಎಷ್ಟ ಸಲ ಹೇಳಿದ್ದೆ?"

"ಮೂರ ಸಲ ಹೇಳಿದ್ರಿ. ಬರೋಬ್ಬರಿ ಐದ ಕಿಲೋನ ತುಂಬೀವ್ರಿ."

"ಮತ್ತ ಎಲ್ಲಾ ಚೀಲಾ ಐದರ ಮ್ಯಾಲ ಯಾಕ ತೂಗ್ತಾವ?"

"ಬೊಗಸಿ ಹಾಕಿರ್ತೇವಲ್ರಿ, ಅದಕ್ಕ."

ನಾನು ರೊಟ್ಟಿ ಕೆಳಗಿಟ್ಟೆ. ಅವಳು ಶೇಂಗಾ ಹಿಂಡಿಗೆ ಎಣ್ಣೆ ಹಾಕುತ್ತ, ದಿನ ಬೆಳಗಾದರೆ ಎಲ್ಲರಿಗೂ ಗೊತ್ತಿರುವ ಸಂಗತಿ ಹೇಳುವಂತೆ ಹೇಳಿದಳು. ಕಾಂಟಾದ ಮೇಲೆ ಐದು ಕಿಲೋ ತೂಗಿದ ಮೇಲೆ, ಚೀಲ ಹೊಲಿಯುವ ಮುನ್ನ, ಮೇಲೆ ಒಂದು ಬೊಗಸೆ. ಎರಡೂ ಕೈ ತುಂಬ. ಎಲ್ಲ ಮನೆಯವರೂ, ಎಲ್ಲ ಚೀಲಕ್ಕೂ.

"ತೂಕಕ್ಕ ಕೊಟ್ಟದ್ದು ಮಾರಿದ್ದು. ಬೊಗಸಿ ಕೊಟ್ಟದ್ದು. ಕಾಳು ಕೊಡುವಾಗ ಮ್ಯಾಲ ಕೊಸರು ಹಾಕದ ಕಳಿಸಿದ್ರ ಆ ಕಾಳು ತಿಂದವರ ಮೈಗಿ ಹತ್ತೂದಿಲ್ರಿ. ಬೊಗಸಿ ತೂಕದಾಗ ಬರೂದಿಲ್ಲಲ್ರಿ ಅಕ್ಕಾರ, ನೀವು ತೂಕದ್ದಷ್ಟ ಹೇಳಿದ್ರಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿಗೆ ಬಂದಂತೆ ಅಂದೆ. ನಿಮ್ಮ ದೊಡ್ಡಸ್ತಿಕೆಯಿಂದ ನಾನು ಕಳ್ಳಿಯಾದೆ ಎಂದೆ. ಮೂರು ವರ್ಷದ ದುಡಿಮೆ ನೀರುಪಾಲಾಯಿತು ಎಂದೆ. ಅವಳು ತಲೆ ತಗ್ಗಿಸಿ ಎಲ್ಲ ಕೇಳಿ, ಕೊನೆಗೆ, "ಒಬ್ಬಾಕಿ ಬೆರಸೇಳ ಅಂದಿದ್ರ ನಾ ಇಲ್ಲಿಂದ ನಡಕೋತ ಊರಿಗೆ ಹೋಗತಿದ್ದೆ. ಬೊಗಸಿ ಹಾಕೀವಿ ಅಂತ ಅಂಜಾಕ ನಾ ಒಲ್ಲೆ. ನಾಳೆ ಇದ್ದದ್ದ ಇದ್ದಂಗ ಹೇಳ್ರಿ" ಎಂದಳು.

ಸಿಟ್ಟು ಇಳಿದ ಮೇಲೆ ನನಗೆ ನಾಚಿಕೆಯಾಯಿತು. ನಮ್ಮ ಮನೆಯಲ್ಲೂ ಅಜ್ಜಿ ಹಾಗೆಯೇ ಹಾಕುತ್ತಿದ್ದಳು. ನಾನು ತಕ್ಕಡಿಯ ಭಾಷೆ ಕಲಿತು ಅದನ್ನು ಮರೆತಿದ್ದೆ. ನಲವತ್ತೊಂದು ಮನೆಗಳ ಹೆಂಗಸರಿಗೆ ನೆನಪಿತ್ತು.

ಎರಡನೆಯ ದಿನ, ಗೋದಾಮು

ಪೀಟರ್ ನನ್ನ ಮಾತನ್ನು ಪೂರ್ತಿ ಕೇಳಿದ. "ಚೆನ್ನಾಗಿದೆ" ಎಂದ. "ಕಥೆಯನ್ನು ನಾನು ವರದಿಯಲ್ಲಿ ಬರೆಯಲಾರೆ. ಪುರಾವೆ?"

ನನ್ನ ಬಳಿ ಬೆಳೆಯ ಪುಸ್ತಕ ಇತ್ತು. ಯಾರ ಹೊಲದಲ್ಲಿ ಎಷ್ಟು ಜೋಳ ಬಂತು, ಮಾರಾಟಕ್ಕೆ ಎಷ್ಟು, ಊಟಕ್ಕೆ ಎಷ್ಟು ಉಳಿಸಿಕೊಂಡರು, ಎಲ್ಲ ಕೊಯ್ಲಿನ ದಿನವೇ ಬರೆದದ್ದು. ಬೊಗಸೆ ಬಂದದ್ದು ಊಟದ ಪಾಲಿನಿಂದ. ಅದೂ ಅದೇ ಹೊಲದ ಜೋಳ. ಪೀಟರ್ ಪುಸ್ತಕ ತಿರುವಿದ. ಊಟಕ್ಕೆ ಇಟ್ಟ ಜೋಳ ಬೇಕಾದಷ್ಟಿದೆ, ಸರಿ, ಆದರೆ ಚೀಲದಲ್ಲಿ ಇರುವುದು ಅದೇ ಜೋಳ ಎಂದು ನಂಬುವುದು ಹೇಗೆ ಎಂದ.

ಇಂಗ್ಲಿಷ್ ಒಂದಕ್ಷರ ಬಾರದ ಸಾವಂತ್ರೆವ್ವ ಅಷ್ಟು ಹೊತ್ತೂ ಗೋದಾಮಿನ ತೂಕದ ಯಂತ್ರವನ್ನೇ ನೋಡುತ್ತಿದ್ದಳು. "ಏನಂತಾನ್ರಿ?" ಎಂದಳು. ಹೇಳಿದೆ. ಅವಳು ಸೆರಗು ಸಿಕ್ಕಿಸಿದಳು. ತನ್ನ ಹೆಸರಿನ ಒಂದು ಚೀಲ ಬಿಚ್ಚಿಸಿ ಬೋಗುಣಿಗೆ ಸುರಿದಳು, ಖಾಲಿ ತಟ್ಟೆಯನ್ನು ಯಂತ್ರದ ಮೇಲಿಟ್ಟಳು, ಎರಡೂ ಕೈ ಸೇರಿಸಿ ಜೋಳ ಎತ್ತಿ ತಟ್ಟೆಗೆ ಹಾಕಿದಳು. ಇನ್ನೂರ ನಲವತ್ತು ಗ್ರಾಂ.

"ಮತ್ತೊಮ್ಮೆ" ಎಂದ ಪೀಟರ್.

ಇನ್ನೂರ ಮೂವತ್ತೆಂಟು. ಮತ್ತೊಮ್ಮೆ. ಇನ್ನೂರ ನಲವತ್ತೊಂದು. ಹತ್ತು ಸಲ ಹಾಕಿಸಿದ. ಹತ್ತೂ ಸಲ ನಾಲ್ಕೈದು ಗ್ರಾಂ ಮೀರಿ ಆಚೀಚೆ ಆಗಲಿಲ್ಲ. ಐವತ್ತು ವರ್ಷ ಅದೇ ಕೈಗಳಿಂದ ಅಳೆದವಳು. ಪೀಟರ್ ಚೀಲಗಳ ಅಟ್ಟಿಯ ಕಡೆ ಹೋಗಿ ಸಾವಂತ್ರೆವ್ವ ಎಂಬ ಚೀಟಿಯ ಆರು ಚೀಲ ತಾನೇ ಆರಿಸಿ ಎಳೆದು ತಂದ. ಬಟ್ಟೆಯ ತೂಕ ಕಳೆದು ನೋಡಿದರೆ ಐದು ಕಿಲೋ ಮೇಲೆ ಇನ್ನೂರ ನಲವತ್ತು, ಇನ್ನೂರ ಮೂವತ್ತೊಂಬತ್ತು, ಇನ್ನೂರ ನಲವತ್ತೆರಡು. ಆರೂ ಹಾಗೆಯೇ.

ಹಾನೆಕೆ ನನ್ನ ಮೊಣಕೈ ಹಿಡಿದರು. ನಾನು ಪೀಟರನಿಗೆ ಹೇಳಿದೆ, "ಸಂತೆಯ ಜೋಳ ಬೆರೆಸುವವನು ಒಬ್ಬೊಬ್ಬ ಹೆಂಗಸಿನ ಕೈಯ ಅಳತೆ ನೋಡಿ ಬೆರೆಸುತ್ತಾನೆಯೇ? ಹೆಸರು ನೀವೇ ಆರಿಸಿ. ಹುನಗುಂದಕ್ಕೆ ಫೋನ್ ಹಚ್ಚುತ್ತೇನೆ. ಅಲ್ಲಿಯೂ ಕಾಂಟಾ ಇದೆ."

ಶೆಡ್ಡಿನಲ್ಲಿ ಅದು ಮಧ್ಯಾಹ್ನ. ವಿಡಿಯೋದಲ್ಲಿ ಹತ್ತು ಹದಿನೈದು ಮುಖಗಳು ಒಟ್ಟಿಗೆ ತೂರಿದವು. "ಅಕ್ಕಾರ, ಪೇಢೆ ಹಂಚೀವ್ರಿ! ನಿಮಗ ತಗದ ಇಟ್ಟೇವಿ!" ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಇಲ್ಲಿಯವರು ನೀವು ಚೀಲ ತುಂಬುವುದನ್ನು ನೋಡಬೇಕಂತೆ ಎಂದಷ್ಟೇ ಹೇಳಿದೆ, ಬೇರೆ ಏನೂ ಹೇಳಬಾರದು ಎಂದು ಪೀಟರನ ಕಟ್ಟಪ್ಪಣೆ. ಅವನು ಕರೆದ ಹೆಸರಿನವರು ಬಂದು ಐದು ಕಿಲೋ ತೂಗಿ, ಹೇಳದೆಯೇ, ಮೇಲೆ ಬೊಗಸೆ ಹಾಕಿದರು. ಅಲ್ಲಿ ಒಂದು ಅಂಕಿ, ಇಲ್ಲಿ ಅದೇ ಹೆಸರಿನ ಚೀಲದಲ್ಲಿ ಅದೇ ಅಂಕಿ. ಒಬ್ಬಳು, ಇಬ್ಬರು, ಐದು ಮಂದಿ. ಗೋದಾಮಿನ ಕೆಲಸಗಾರರು ತಳ್ಳುಗಾಡಿ ಬಿಟ್ಟು ಬಂದು ಸುತ್ತ ನಿಂತರು.

ಆರನೆಯ ಹೆಸರು ಶಾಂತವ್ವ. ಸಣ್ಣ ಆಳು, ಸಣ್ಣ ಕೈ. ಅವಳ ಬೊಗಸೆ ನೂರತೊಂಬತ್ತು. ಇಲ್ಲಿ ಅವಳ ಹೆಸರಿನ ಮೊದಲ ಚೀಲದಲ್ಲಿ ನೂರತೊಂಬತ್ತೆರಡು. ಎರಡನೆಯದರಲ್ಲಿ ಮುನ್ನೂರ ಹತ್ತು. ಮೂರನೆಯದರಲ್ಲಿಯೂ ಮುನ್ನೂರ ಹತ್ತರ ಹತ್ತಿರ.

ಪೀಟರ್ ಪೆನ್ನು ಕೈಗೆ ತೆಗೆದುಕೊಂಡ. "ಈ ಚೀಲಗಳನ್ನು ಬೇರೆ ಯಾರಾದರೂ ತುಂಬಿದರಾ? ಕೇಳಿ."

ಕೇಳಿದೆ. "ಇಲ್ರಿ, ಎಲ್ಲಾ ನಾನ ತುಂಬೀನ್ರಿ" ಎಂದಳು ಶಾಂತವ್ವ, ಬಹಳ ಬೇಗ.

ಅವಳ ಮುಖ ನನಗೆ ಗೊತ್ತು. ಅದು ಕಳ್ಳತನ ಮಾಡಿದ ಮುಖವಲ್ಲ, ನನಗೆ ಹೆದರಿದ ಮುಖ. ಚೀಟಿಯಲ್ಲಿ ಹೆಸರು ಇದ್ದವರೇ ತುಂಬಬೇಕು ಎಂದು ನಾನು ಅವರನ್ನೆಲ್ಲ ಎಷ್ಟು ಗದರಿಸಿದ್ದೆನೋ!

"ಶಾಂತವ್ವ, ನಾ ಸಿಟ್ಟ ಆಗೂದಿಲ್ಲ. ನಿನ್ನ ಆಣಿ. ಖರೆ ಹೇಳ ತಂಗಿ."

ಅವಳು ಎಡಗೈ ಎತ್ತಿ ತೋರಿಸಿದಳು. ಹೆಬ್ಬೆರಳ ಬುಡದಲ್ಲಿ ಉದ್ದದ ಕಲೆ. "ಕೊಯ್ಯುವಾಗ ಕುಡುಗೋಲು ತಾಗಿತ್ರಿ ಅಕ್ಕಾರ. ಐದಾರ ಚೀಲ ಆದಮ್ಯಾಲ ಕೈ ನಡೀಲಿಲ್ಲ. ಉಳಿದದ್ದು ನಮ್ಮ ಮನಿಯವ್ರು ತುಂಬ್ಯಾರ. ನೀವು ಬೈತೀರಿ ಅಂತ ಚೀಟಿ ನಂದ ಹಚ್ಚೇನಿ."

ಅವಳ ಮಾತನ್ನು ಪೀಟರನಿಗೆ ತಿಳಿಸಿ, "ನಿನ್ನ ಗಂಡ ಮಲ್ಲಪ್ಪ ಎಲ್ಲಿ ಅದಾನ?" ಎಂದೆ.

ಯಾರೋ ಓಡಿದರು. ಹೊರಗೆ ದನಕ್ಕೆ ನೀರು ಕುಡಿಸುತ್ತಿದ್ದವನು ಕೈ ಒರೆಸಿಕೊಳ್ಳುತ್ತ ಬಂದ. ಆರಡಿ ಆಳು, ಕೈಗಳು ಮೊರದ ಹಾಗೆ. ಏನು ನಡೆದಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ, ಜೋಳದ ರಾಶಿ ತೋರಿಸಿ ಒಂದು ಬೊಗಸೆ ಹಾಕು ಎಂದರು. ಹಾಕಿದ. ಕಾಂಟಾದ ಅಂಕಿ ಕುಣಿದು ನಿಂತಿತು. ಶೆಡ್ಡಿನ ಹೆಂಗಸರೆಲ್ಲ ಒಟ್ಟಿಗೆ ಓದಿದರು, "ಮುನ್ನೂರಾ ಒಂಬತ್ತ!"

ನಾನು ಇಂಗ್ಲಿಷಿನಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ. ಪೀಟರ್ ವಿಡಿಯೋದಲ್ಲಿಯೇ ಅಂಕಿ ನೋಡಿದ್ದ. ಅವನು ಪೆನ್ನಿನ ಮುಚ್ಚಳ ಹಾಕಿದ. ಗೋದಾಮಿನಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು, ಎಲ್ಲರೂ ಸೇರಿದರು. ಹಾನೆಕೆ ಆ ಎತ್ತರದಿಂದ ಬಗ್ಗಿ ಸಾವಂತ್ರೆವ್ವನನ್ನು ತಬ್ಬಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ "ಅಭಿನಂದನೆಗಳು" ಎಂದರು. ಈ ಸಲ ಯಾರ ಹುಟ್ಟುಹಬ್ಬವೂ ಇರಲಿಲ್ಲ. ನಾನು ಅಲ್ಲಿಯೇ ಚೀಲಗಳ ಅಟ್ಟಿಯ ಮೇಲೆ ಕೂತು ಅತ್ತುಬಿಟ್ಟೆ.

ಮೂರನೆಯ ದಿನ

ಮಾಲು ಪಾಸಾಯಿತು. ವರ್ಷದ ಬೇಡಿಕೆಯ ಕಾಗದ ಮೇಜಿನ ಮೇಲೆ ಬಂತು. ನಾಲ್ಕು ಸಾವಿರ ಚೀಲ! ನಾನು ಆ ಸಾಲನ್ನು ಮೂರು ಸಲ ಓದಿದೆ. ಕೊನೆಗೆ ಹಾನೆಕೆ ಮೃದುವಾಗಿ ಹೇಳಿದರು, "ಒಂದೇ ಮಾತು. ಇನ್ನು ಮುಂದೆ ಬೊಗಸೆ ಬೇಡ. ಕಾಗದದಲ್ಲಿ ಇದ್ದಷ್ಟೇ ಚೀಲದಲ್ಲಿ ಇರಲಿ."

ನ್ಯಾಯವಾದ ಮಾತು. ಎರಡು ದಿನದ ಹಿಂದೆ ನಾನೇ ಅದನ್ನು ಕೂಗಿ ಹೇಳಿದ್ದೆ. ಸಾವಂತ್ರೆವ್ವನಿಗೆ ತಿಳಿಸಿದೆ. ಅವಳು ಕಾಗದವನ್ನು ನೋಡಿದಳು, ನನ್ನನ್ನು ನೋಡಿದಳು.

"ಹಂಗಾರ ಬ್ಯಾಡ್ರಿ ಅಕ್ಕಾರ. ಬೊಗಸಿ ಇಲ್ಲದ ಕಾಳು ನಮ್ಮ ಮನಿ ಹೊಸ್ತಿಲಾ ದಾಟೂದಿಲ್ಲ. ಅವರಿಗೆ ಹೇಳ್ರಿ, ಬ್ಯಾರೇ ಕಡೆ ತಗೊಳ್ಳಿ, ನಮಗೇನ ಸಿಟ್ಟಿಲ್ಲ."

ನಾಲ್ಕು ಸಾವಿರ ಚೀಲ. ಬೇರೆ ದಿನವಾದರೆ ಆ ಮಾತನ್ನು ತಿದ್ದಿ, ತೀಡಿ, ನಯಮಾಡಿ ಇಂಗ್ಲಿಷಿಗೆ ತರುತ್ತಿದ್ದೆ. ಆ ದಿನ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಅವಳು ಹೇಳಿದ್ದನ್ನು 'ಬೇಡ'ದಿಂದ 'ಸಿಟ್ಟಿಲ್ಲ'ದವರೆಗೆ ಒಂದೂ ಬಿಡದೆ ಹೇಳಿದೆ. ಹೇಳಿ ಕೈ ಕಟ್ಟಿ ಕೂತೆ. ನನ್ನ ಹಟಗಳ ಅಂಗಡಿಯಲ್ಲಿ ಇದೊಂದು ಹಟ ಮೊದಲಿನಿಂದಲೂ ಇರಬೇಕಿತ್ತು.

ಹಾನೆಕೆ ಕಾಗದವನ್ನು ತಮ್ಮ ಕಡೆಗೆ ಸರಿಸಿಕೊಂಡರು. ಎದ್ದು ಹೋಗಿ ಪೀಟರನಿಗೆ ಫೋನ್ ಮಾಡಿದರು. ಅವರ ಭಾಷೆಯಲ್ಲಿ ಮಾತು ಬಹಳ ಹೊತ್ತು ನಡೆಯಿತು, ನಡುವೆ ಒಮ್ಮೆ ನಗು ಕೇಳಿಸಿತು. ತಿರುಗಿ ಬಂದು ಕಾಗದದ ಮೇಲೆ ಕೈಯಿಂದಲೇ ಬರೆದರು. ಪ್ರತಿ ಚೀಲದಲ್ಲಿ ಐದು ಕಿಲೋ, ಮೇಲೆ ಒಂದು ಬೊಗಸೆ. ಬೊಗಸೆ ಮುನ್ನೂರೈವತ್ತು ಗ್ರಾಂ ಮೀರಬಾರದು. ಅದನ್ನು ಬೆಳೆಯ ಪುಸ್ತಕದಲ್ಲಿ ಬೇರೆ ಸಾಲಿನಲ್ಲಿ ಬರೆಯಬೇಕು. ಅವರ ಭಾಷೆಯಲ್ಲಿ ಅದಕ್ಕೆ ಸರಿಯಾದ ಪದ ಸಿಗಲಿಲ್ಲವೆಂದು, ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಪದವನ್ನೇ ಬರೆದರು. ನಾನು ಸಹಿ ಮಾಡಿದೆ. ಸಾವಂತ್ರೆವ್ವ ಪಕ್ಕದಲ್ಲಿ ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ, ತನ್ನ ಹೆಸರು ಬರೆದಳು.

ಹೊರಗೆ ಹೊಳೆಯ ದಂಡೆಯಲ್ಲಿ ಬೆಂಚಿನ ಮೇಲೆ ಕೂತೆವು. ಹುನಗುಂದಕ್ಕೆ ಸುದ್ದಿ ಹೇಳಿಯಾಗಿತ್ತು, ಇನ್ನೊಮ್ಮೆ ಪೇಢೆ ತರಲು ಹೋಗಿದ್ದರು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸಾವಂತ್ರೆವ್ವ ಮಾತ್ರ ಬೆರಳ ಗೆಣ್ಣು ಎಣಿಸುತ್ತಿದ್ದಳು.

"ಏನ್ ಲೆಕ್ಕ ಹಾಕಾಕತ್ತೀ ಬೇ?"

"ಹಿಂಗಾರಿಗೆ ಎರಡ ಎಕರೆ ಹೆಚ್ಚಿಗಿ ಬಿತ್ತಬೇಕ್ರಿ ಅಕ್ಕಾರ. ಬಾಜೂಕ ಒಂದ ಹೊಲ ಬೀಳ ಬಿದ್ದೈತಿ, ಎಲ್ಲಾರೂ ಕೂಡಿ ರೊಕ್ಕಾ ಕೊಟ್ಟ ಅದನ್ನ ವರ್ಷದ ಲಾವಣಿ ಹಿಡಿದ್ರಾತು."

"ಎರಡ ಎಕರೆದಾಗ ನಾಕ ಸಾವಿರ ಚೀಲ ಎಲ್ಲಿ ಬಂದಾವು? ನಲವತ್ತೊಂದ ಮನಿ ಹೊಲ ಎಲ್ಲಾ ಕೂಡಿದ್ರ ಚೀಲಕ್ಕ ಸಾಕಾಕ್ಕತಿ."

"ಚೀಲಕ್ಕಲ್ರಿ" ಎಂದಳು ಸಾವಂತ್ರೆವ್ವ. "ಬೊಗಸಿಗೆ."